ಲೈನಿನಲ್ಲಿರಿ

ಸಿದ್ದಾಪುರದ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆರಡು ವರ್ಷ
ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು
ಒಂದೇ ಮಾತು ಹೇಳಿದವಳು ನಾನು: ಲೈನಿನಲ್ಲಿರಿ.
ಮಡಿಕೇರಿ ಸಿಗುವವರೆಗೆ, ಮೈಸೂರು ಸಿಗುವವರೆಗೆ
ಯಾರದೋ ಸಿಟ್ಟು, ಯಾರದೋ ಕಾಫಿ ರೇಟು
ನನ್ನ ಬೆರಳ ತುದಿಯಲ್ಲಿ ತೂಗುತ್ತಿದ್ದವು.

ಈಗ ಊರಿನ ಗುಂಪು ಫೋನಿನೊಳಗಿದೆ.
ಒಂಬತ್ತು ಸಾವಿರ ಜನ.
ನೀವೇ ಅಡ್ಮಿನ್ ಆಗಿ ದೇಚಕ್ಕ, ಅಭ್ಯಾಸ ಇದೆಯಲ್ಲ, ಎಂದರು.
ಇತ್ತು. ಜೋಡಿಸುವ ಅಭ್ಯಾಸ.
ತಡೆಯುವುದು ಯಂತ್ರದ ಕೆಲಸ.
ಅದು ರಾತ್ರಿಯೆಲ್ಲ ಎಚ್ಚರವಿದ್ದು ಕೂಡಿಹಾಕಿದ್ದನ್ನು
ಬೆಲ್ಲದ ಕಾಫಿ ಕುಡಿಯುತ್ತಾ ನಾನು ಬಿಚ್ಚುತ್ತೇನೆ.

'ಬಿದ್ದಪ್ಪಜ್ಜನ ಮನೆಯಲ್ಲಿ ಈಗ ಎರಡು ಗುಂಡು.'
ಕಾರಣ: ಹಿಂಸೆ ಇರಬಹುದು.
ಅಯ್ಯೋ ಮಂಕೇ,
ಒಂದು ಗುಂಡಾದರೆ ಗಂಡು ಹುಟ್ಟಿದೆ,
ಎರಡಾದರೆ ಯಾರೋ ಹೋದರು.
ಗದ್ದೆಯಾಚೆಯ ಮನೆಗಳು ಸದ್ದು ಎಣಿಸಿಕೊಂಡೇ
ಬಿಳಿ ಬಟ್ಟೆ ಹೊರಗೆ ತೆಗೆಯುತ್ತಿದ್ದವು.
ಬಿಟ್ಟೆ. ಆರು ಗಂಟೆ ತಡವಾಗಿತ್ತು.
ಅಜ್ಜನಿಗೇನೂ ಅವಸರವಿರಲಿಲ್ಲ ಬಿಡಿ,
ವಿರಾಜಪೇಟೆಯಿಂದ ಬರಬೇಕಿದ್ದ ಮಗಳಿಗಿತ್ತು.

ಕೈಲ್‌ಪೊಳ್ದಿನ ಫೋಟೊ,
ಕೋವಿಯ ಬಾಯಲ್ಲಿ ತೋಕ್ ಪೂ.
ಕಾರಣ: ಆಯುಧ.
ಹೂವು ಕಾಣಲಿಲ್ಲವೇ ನಿನಗೆ? ಬಿಟ್ಟೆ.
ಪಂದಿಕರಿಗೆ ಮಾಂಸ ಎಷ್ಟು ಸಣ್ಣಗೆ ಕೊಚ್ಚಬೇಕೆಂಬ ಜಗಳ,
ಅದನ್ನೂ ಬಿಟ್ಟೆ, ನನ್ನದೊಂದು ಮಾತು ಸೇರಿಸಿ.

ಅದು ತಾನಾಗಿಯೇ ಒಳಗೆ ಬಿಟ್ಟದ್ದು ಒಂದಿತ್ತು:
'ಲೈನ್ ಮನೆಯ ಹೊಸಬರಿಗೆ ಭಾನುವಾರ ಸಂತೆಯಲ್ಲಿ
ಊರವರೆಲ್ಲ ಸೇರಿ ಸ್ವಲ್ಪ ಉಪಚಾರ ಮಾಡೋಣ.'
ಒಂದು ಕೆಟ್ಟ ಪದವಿಲ್ಲ. ಕೊನೆಯಲ್ಲಿ ಕೈಮುಗಿದ ಚಿತ್ರ.
ಯಂತ್ರಕ್ಕೆ ಕಣ್ಣಿದೆ. ನನಗಿದ್ದದ್ದು ಕಿವಿ.
ಟ್ರಂಕ್ ಕಾಲಿನಲ್ಲಿ ಕೂಗಾಡಿದವರು
ಫೋನಿಟ್ಟು ಊಟಕ್ಕೆ ಹೋಗುತ್ತಿದ್ದರು.
ಮೆಲ್ಲಗೆ, ಮರ್ಯಾದೆಯಾಗಿ ಮಾತಾಡಿದವರ ಊರಿನಲ್ಲೇ
ಮರುದಿನ ಯಾರದೋ ಹುಲ್ಲಿನ ಮೆದೆ ಉರಿಯುತ್ತಿತ್ತು.
ಹಿಡಿದೆ.
ಬರೆದವನು ನನ್ನ ತಂಗಿಯ ಮಗ.
ಫೋನ್ ಮಾಡಿದ: ತಮಾಷೆಯೂ ಗೊತ್ತಾಗಲ್ವಾ ದೊಡ್ಡಮ್ಮ?
ಲೈನಿನಲ್ಲಿರು ಎಂದೆ.
ಎಷ್ಟೋ ಹೊತ್ತು ಇದ್ದ. ಉಸಿರು ಕೇಳುತ್ತಿತ್ತು.
ಇಬ್ಬರಿಗೂ ಮುಂದಿನ ಮಾತು ಸಿಗಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಜಾಣೆಯಂತೆ ಕಾಣುತ್ತೇನೆ.

ಮಾರ್ಚಿನಲ್ಲಿ, ಬೆಳಿಗ್ಗೆ ಐದೂ ಐವತ್ತಕ್ಕೆ:
'ಆನೆ. ಇಸ್ಕೂಲ್ ಗೇಟ್. ಆನೆ.'
ಅದೇ ಮೂರು ತುಂಡು, ಹನ್ನೊಂದು ಸಲ.
ಮೂರು ದಿನದ ಹೊಸ ಖಾತೆ,
ಹೆಸರು ಅಸ್ಸಾಮಿನ ಅಕ್ಷರದಲ್ಲಿ.
ಅಷ್ಟು ಕನ್ನಡ ಕಲಿತಿದ್ದ. ಬೇಕಾದಷ್ಟೇ.
ಕಾರಣ: ಒಂದೇ ಮಾತಿನ ಪುನರಾವರ್ತನೆ.
ಹೆದರಿದವನು ಬೇರೆ ಬೇರೆ ಮಾತು ಹುಡುಕುತ್ತಾನೆಯೇ?

ನಾನು ನೋಡಿದ್ದು ಏಳೂ ಕಾಲಿಗೆ.
ಅಷ್ಟರಲ್ಲಿ ಗೇಟಿನ ಹತ್ತಿರ ಒಂದು ಸೈಕಲ್ಲು,
ಚಪಾತಿಯಾದ ಎರಡು ಕ್ಯಾನು,
ಇಳಿಜಾರಿನುದ್ದಕ್ಕೂ ಹರಿದ ಹಾಲು.
ಮೊಯ್ದು ಹಲಸಿನ ಮರದ ಮೇಲಿದ್ದ. ಬದುಕಿದ್ದ.
ಈಗಲೂ ದಿನಾ ಅರ್ಧ ಲೀಟರು ಅಳೆದು ಕೊಡುತ್ತಾನೆ,
ಚಿಲ್ಲರೆ ಎಣಿಸಿಕೊಂಡು ಹೋಗುತ್ತಾನೆ.
ಆ ದಿನದ ಬಗ್ಗೆ ಒಂದು ಮಾತಿಲ್ಲ.
ಅವನು ತಡೆದಿಟ್ಟದ್ದನ್ನು
ಬಿಚ್ಚಿ ನೋಡುವ ಗುಂಡಿ ನನ್ನ ಬಳಿ ಇಲ್ಲ.

ತಂಗಿಯ ಮಗನ ಉಪಚಾರ ಇನ್ನೂ ಅಲ್ಲೇ ಇದೆ.
ಅಳಿಸಿಲ್ಲ. ಬಿಟ್ಟೂ ಇಲ್ಲ.
ಅಲಾರಂ ಮಾತ್ರ ಐದೂವರೆಗೆ ತಿರುಗಿಸಿದ್ದೇನೆ.
ಕತ್ತಲಲ್ಲಿ ಪರದೆ ಹೊತ್ತಿಕೊಳ್ಳುತ್ತದೆ.
ಪರಿಶೀಲನೆಗೆ ಕಾದಿರುವುದು: ಹದಿನಾಲ್ಕು.
ಕನ್ನಡಕ ಎಲ್ಲಿಟ್ಟೆನೋ,
ಇರಿ, ಲೈನಿನಲ್ಲಿರಿ.